ಗೋಮಾಳದ ಅನುಮತಿ

ಗೋಮಾಳದಲ್ಲಿ ಪ್ಲಾಸ್ಟಿಕ್ ಗುಂಡಿನ ಬಂದೂಕಿನಾಟ ಆಡಲು ಪಂಚಾಯಿತಿ ಅಧ್ಯಕ್ಷರು ಮರುಮಾತಿಲ್ಲದೆ ಅನುಮತಿ ಕೊಟ್ಟಾಗ ಚಿತ್ಕಲಾಳಿಗೆ ಆಶ್ಚರ್ಯವಾಗಿತ್ತು. ಅವಳು ಪೊಲೀಸ್ ಸ್ಟೇಷನ್ನಿಗೂ ತಿಳಿಸಿದಳು, ದಾರಿಯಲ್ಲಿ ಬೋರ್ಡು ನಿಲ್ಲಿಸಿದಳು, ಗೆಳೆಯರಿಗೆಲ್ಲ ರಕ್ಷಣೆಯ ಕನ್ನಡಕ ಹಾಕಿಸಿದಳು.

ಆಟ ಶುರುವಾಗಿ ಹತ್ತು ನಿಮಿಷಕ್ಕೆ ಪೊದೆಯಾಚೆ ನಿಜವಾದ ಗುಂಡೊಂದು ಢಮ್ಮೆಂದಿತು. "ಎಲ್ರೂ ನಿಲ್ಸಿ!" ಎಂದು ಕೂಗಿ ಅವಳು ಅತ್ತ ಓಡಿದಳು.

ಅಲ್ಲಿ ಅಧ್ಯಕ್ಷರೇ ನಿಂತಿದ್ದರು. ಹೆಗಲಲ್ಲಿ ಕೋವಿ, ಕೈಯಲ್ಲಿ ಇನ್ನೂ ಒದ್ದಾಡುತ್ತಿದ್ದ ಹೆಣ್ಣು ನವಿಲು. ಬಿಳಿ ಪಂಚೆಯ ಮೇಲೆಲ್ಲ ರಕ್ತ. ಚಿತ್ಕಲಾ ಕನ್ನಡಕ ಹಣೆಗೇರಿಸಿ ಅವರೆದುರು ಹೋಗಿ ನಿಂತಳು.

"ಥೂ, ಏನ್ ಸಾರ್ ಇದು! ನಾವಿಲ್ಲಿ ಆಡ್ತಿರೋದು ಗೊತ್ತಿದ್ದೂ..."

"ಗೊತ್ತಿದ್ದೇ ಬಂದಿದ್ದು ಕಣಮ್ಮ," ಎಂದು ಅವರು ನವಿಲನ್ನು ಚೀಲಕ್ಕೆ ತುರುಕುತ್ತ ನಕ್ಕರು. "ಸದ್ದು ಕೇಳಿದೋರು ನಿಮ್ಮ ಆಟ ಅಂದ್ಕೋತಾರೆ. ಮುಂದಿನ ಭಾನುವಾರದ್ದಕ್ಕೂ ಸಹಿ ಹಾಕಿಟ್ಟಿದೀನಿ."