ಗೆರೆ ಕೊರೆಸಿದ ಟೈರು

ಮಳೆಗಾಲಕ್ಕೆ ಮುಂಚೆ ಗುರುಮಲ್ಲು ತನ್ನ ಪಿಕಪ್ಪಿಗೆ ಆಳವಾದ ಗೆರೆಯ ಹೊಸ ಟೈರುಗಳನ್ನು ಒಂದೊಂದಾಗಿ ಉಗುರೊತ್ತಿ ನೋಡಿ ಆರಿಸಿದ. ಸವೆದು ಬೋಳಾಗಿದ್ದ ಹಳೆಯವಕ್ಕೆ ಅಂಗಡಿಯಲ್ಲೇ ಗೆರೆ ಕೊರೆಸಿ, ಕಪ್ಪು ಬಳಿಸಿ, ಹೆಂಡತಿಯ ತಮ್ಮ ಮಾದೇಶನಿಗೆ ಮಾರಲು ಸಾಲಾಗಿ ನಿಲ್ಲಿಸಿದ.

"ನಮ್ಮೂರ ಘಾಟಿಗೆ, ಅದೂ ಮಳೇಲಿ, ತಡೀತವಾ ಭಾವ?"

"ಕಣ್ಮುಚ್ಕೊಂಡು ಓಡ್ಸು. ನಿಮ್ಮಕ್ಕನ್ನ ಕಟ್ಕೊಂಡೋನು ನಿಂಗೆ ಮೋಸ ಮಾಡ್ತೀನೇನಪ್ಪ?"

ಅಂಗಡಿಯವನು ತಲೆ ತಗ್ಗಿಸಿದ. ಗುರುಮಲ್ಲುವಿಗೂ ಭಾಮೈದನ ಮುಖ ನೋಡಲಾಗಲಿಲ್ಲ. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನಿಮ್ ಮಾತೇ ಸಾಕು ಬುಡಿ," ಎಂದು ಮಾದೇಶ ತನ್ನ ಗಾಡಿಗೆ ಅವನ್ನೇ ಹಾಕಿಸಿಕೊಂಡ.

ಹೊರಡುವಾಗ ನಕ್ಕು ಹೇಳಿದ: "ಅಪ್ಪ ಒಳ್ಳೇ ದಿನ ನೋಡವ್ರೆ. ಸೋಮವಾರ ಬಾಣಂತಿ ಅಕ್ಕನ್ನೂ ನಿಮ್ ಮಗೀನೂ ಇದ್ರಲ್ಲೇ ಘಾಟಿ ಇಳಿಸ್ಕೊಂಡು ಬತ್ತೀನಿ ಭಾವ."