ಏಳು ಗರಿಯ ಈರುಳ್ಳಿ

ಚೀಸ್ ತಿಂದವನು ಅಪ್ಪ. ಕೆನ್ನೆಗೆ ಏಟು ಬಿದ್ದದ್ದು ಎಂಟು ವರ್ಷದ ಮಗಳಿಗೆ.

ಪಾಸ್ಖ ಎಂಬ ಈಸ್ಟರ್ ಹಬ್ಬದ ಬೆಳಗಿಗೆಂದು ಅಜ್ಜಿ ಅರುಸ್ಯಾಗ್ ಉಪ್ಪುನೀರಿನ ಜಾಡಿಯಲ್ಲಿ ಮುಳುಗಿಸಿಟ್ಟಿದ್ದ ಚೀಸ್ ಅದು, ಜಡೆಯಂತೆ ಹೆಣೆದದ್ದು. ಹಬ್ಬಕ್ಕೆ ಮುಂಚಿನ ಏಳು ವಾರಗಳ ತಪಸ್ಸು ಕಾಲ ಮುಗಿಯುವವರೆಗೆ ಆ ಮನೆಯಲ್ಲಿ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು ಸೋಕಿದ್ದು ಏನೂ ಇಲ್ಲ. ದಿನವೂ ಗೋಧಿನುಚ್ಚು, ಬೇಳೆ. ಅವಳ ಮಗ ವಹ್ರಾಮ್ ಬುರ್ಜ್ ಹಮ್ಮೂದ್ ಪೇಟೆಯ ಬೂಟಿನ ಕಾರ್ಖಾನೆಯೊಂದರಲ್ಲಿ ತೊಗಲು ಕತ್ತರಿಸುವವನು. ಗುರುವಾರ ಮಧ್ಯಾಹ್ನ ಮನೆಗೆ ಬಂದವನು, ಯಾರೂ ಇಲ್ಲದ್ದು ಕಂಡು, ನಿಂತ ಕಾಲಲ್ಲೇ ಅರ್ಧ ಜಡೆ ನುಂಗಿ ಮತ್ತೆ ಕೆಲಸಕ್ಕೆ ಹೋಗಿದ್ದ.

ಅಜ್ಜಿ ಅವನನ್ನು ಕೇಳಲೇ ಇಲ್ಲ. ಮನೆಯಲ್ಲಿ ಏನು ಕಾಣೆಯಾದರೂ ಹುಡುಕುವ ಕೈ ಮೊದಲು ತಾಗುವುದು ಎಲ್ಲರಿಗಿಂತ ಕೆಳಗಿರುವ ತಲೆಗೆ. ಸಂಜೆ ಮೊಮ್ಮಗಳು ಶೋಘಿಗ್‌ಳನ್ನು ಅಡುಗೆಮನೆಯಲ್ಲಿ ದಾರಕ್ಕೆ ತೂಗಿಬಿಟ್ಟಿದ್ದ ಈರುಳ್ಳಿಯ ಕೆಳಗೆ ನಿಲ್ಲಿಸಿದಳು. ಉಪವಾಸ ಶುರುವಾದ ಬೂದಿ ಸೋಮವಾರ ಅದಕ್ಕೆ ಚುಚ್ಚಿದ್ದ ಏಳು ಕೋಳಿಗರಿಗಳಲ್ಲಿ, ವಾರಕ್ಕೊಂದರಂತೆ ಕಿತ್ತು, ನಾಲ್ಕು ಉಳಿದಿದ್ದವು. ಉಪವಾಸ ಮುರಿದ ಮಕ್ಕಳ ಕಣ್ಣಿಗೆ ಅದು ಗರಿಯಿಂದ ತಿವಿಯುತ್ತದೆ ಎಂದು ಅಜ್ಜಿಗೆ ಅವಳ ಅಜ್ಜಿ ಹೇಳಿದ್ದಳು. ದೊಡ್ಡವರ ಕಣ್ಣಿನ ವಿಷಯ ಯಾರೂ ಹೇಳಿರಲಿಲ್ಲ.

“ನಾನ್ ತಿಂದಿಲ್ಲ, ಅಜ್ಜಿ.”

“ನೀನಲ್ದೆ ಇನ್ಯಾರು? ಬೆಕ್ಕು ಬಂದು ಜಾಡಿ ಮುಚ್ಚಳ ತಿರುಗಿಸ್ತಾ?”

ಎರಡು ದಿನ ಹುಡುಗಿ ಇಲ್ಲವೆಂದೇ ಹೇಳಿದಳು. ಶನಿವಾರ ಬೆಳಿಗ್ಗೆ ತಾನಾಗಿ ಬಂದು, ತಿಂದೆ ಎಂದಳು. ಬಾಗಿಲ ಬಳಿ ಬೂಟಿನ ಲೇಸು ಕಟ್ಟುತ್ತಿದ್ದ ವಹ್ರಾಮ್ ತಲೆ ಎತ್ತಲಿಲ್ಲ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದ. ಸದ್ಯ ಮುಗಿಯಿತಲ್ಲ, ಮಕ್ಕಳ ಕೆನ್ನೆ ಬೇಗ ಮಾಯುತ್ತದೆ ಎಂದುಕೊಂಡ.

ಮುಗಿದಿರಲಿಲ್ಲ. ಅಂದು ಸಂಜೆ ಶೋಘಿಗ್‌ಳ ಮೊಟ್ಟಮೊದಲ ಪಾಪನಿವೇದನೆ. ಬೇರೆ ತಪ್ಪೆಲ್ಲ ಆಮೇಲೆ, ಚೀಸ್ ಕದ್ದದ್ದನ್ನೇ ಮೊದಲು ಪಾದ್ರಿಗಳಿಗೆ ಹೇಳಬೇಕು ಎಂದು ಕಟ್ಟಪ್ಪಣೆ ಮಾಡಿದ ಅಜ್ಜಿ ಮಗನನ್ನೂ ಜೊತೆಗೆ ಕಳಿಸಿದಳು.

ಚರ್ಚಿನ ಬೆಂಚಿನ ಮೇಲೆ ಅಪ್ಪ ಮಗಳು ಸರದಿಗಾಗಿ ಕಾದರು. ಮುಂದೆ ಇನ್ನಿಬ್ಬರು ಮಕ್ಕಳಿದ್ದರು. ಶೋಘಿಗ್ ಅವನ ತೋಳಿಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು:

“ಅಪ್ಪ, ಹೆಂಗಿತ್ತು ರುಚಿ ಅಂತ ಫಾದರ್ ಕೇಳಿದ್ರೆ ಏನನ್ಲಿ? ನಂಗೆ ನೆನಪೇ ಇಲ್ಲ. ನಿದ್ದೇಲಿ ಎದ್ದು ತಿಂದ್ಬಿಟ್ಟಿದೀನಿ ಅನ್ಸುತ್ತೆ.”

ಗುರುವಾರವೇ ಆಡಬಹುದಾಗಿದ್ದ ಮಾತನ್ನು ವಹ್ರಾಮ್ ಈಗ ಅವಳ ಕಿವಿಗೆ ಬಗ್ಗಿ ಆಡಿದ.

“ನೀನು ತಿಂದಿಲ್ಲ, ಮಗಳೇ. ತಿಂದಿದ್ದು ನಾನು.”

ಅವಳು ಅಳುತ್ತಾಳೆಂದು ಅವನು ಕಾದ. ಅವಳು ಅಳಲಿಲ್ಲ, ಅವನ ಮುಖ ನೋಡಿದಳು. ಆ ನೋಟ ತಡೆಯಲಾರದೆ ಅವನು ಮಾತಿಗಿಳಿದ. ಕಾರ್ಖಾನೆಯ ಹಸಿವು ಎಂಥದೆಂದು ಹೇಳಿದ. ಮಗನೇ ಕಳ್ಳನೆಂದು ಗೊತ್ತಾದರೆ ಅಜ್ಜಿಯ ಎದೆ ಒಡೆದುಹೋಗುತ್ತದೆ ಎಂದ. ಮಕ್ಕಳ ಪಾಪ ಎಷ್ಟರದು, ಮೂರು ಜಪ ಹೇಳಿಸಿ ಕಳಿಸುತ್ತಾರೆ ಎಂದ.

“ಇದೊಂದ್ಸಲ ಅಜ್ಜಿ ಹೇಳ್ದಂಗೇ ಹೇಳ್ಬಿಡು, ಪುಟ್ಟಿ.”

ಅಷ್ಟರಲ್ಲಿ ಪಾದ್ರಿಗಳು ಅವಳ ಹೆಸರು ಕರೆದರು. ವಹ್ರಾಮ್ ಅವಳ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ನೂಕಿದ.

“ನಾನ್ ಹೋಗಲ್ಲ.”

ಪಾದ್ರಿಗಳು ಇನ್ನೊಮ್ಮೆ ಕರೆದರು. ಶೋಘಿಗ್ ಏಳಲಿಲ್ಲ. ದೊಡ್ಡ ಮನುಷ್ಯನೊಬ್ಬ ದಾಟಿ ಹೋಗುವಷ್ಟು ದಾರಿಯಾಗಲೆಂದು, ಕುಳಿತಲ್ಲೇ ಎರಡೂ ಮೊಣಕಾಲುಗಳನ್ನು ಪಕ್ಕಕ್ಕೆ ಸರಿಸಿಕೊಂಡಳು.