ಹೊಳೆಯ ಕೊನೆಯ ನೊಣ

"ಸಿಕ್ತು! ಸಿಕ್ತು ಕಣೋ!" ಎಂದು ನೊಣರಾಯ ಕೂಗಿದ ಕೂಗಿಗೆ ಸೇತುವೆಯ ಕಂಬಗಳು ಅಲುಗಾಡಿದವು. ಸುಳ್ಳೆನಿಸಿದರೆ ಹೋಗಿ ನೋಡಿ, ಇಂದಿಗೂ ಒಂದು ಕಂಬ ಚೂರು ವಾಲಿಕೊಂಡೇ ನಿಂತಿದೆ. ದಡದಲ್ಲಿ ನೀರಿನ ಸೀಸೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ ಅವನ ಭಾವಮೈದುನ, ಜಲ ಇಲಾಖೆಯ ಪರೀಕ್ಷಕ, ಬೂಟು ಕಳಚುವುದನ್ನೂ ಮರೆತು ಹೊಳೆಗೆ ಇಳಿದ.

ಇಬ್ಬರೂ ಬೆಳಗಿನಿಂದ ಹುಡುಕುತ್ತಿದ್ದದ್ದು ಒಂದೇ ಒಂದು ಕ್ಯಾಡಿಸ್ ನೊಣವನ್ನು. ಎತ್ತಿ ನೋಡದ ಕಲ್ಲು ಹೊಳೆಯಲ್ಲಿ ಉಳಿದಿರಲಿಲ್ಲ. ಇವರ ಕಾಟ ತಾಳಲಾರದೆ ಕೆಲವು ಕಲ್ಲುಗಳು ತಾವೇ ಮಗುಚಿಕೊಂಡವು. ಈ ನೊಣದ ಮರಿ ಮರಳಿನ ಕಾಳುಗಳನ್ನು ಅಂಟಿಸಿ ಗೂಡು ಕಟ್ಟಿಕೊಂಡು ನೀರಿನಡಿಯ ಕಲ್ಲಿನಲ್ಲಿ ಬೆಳೆಯುತ್ತದೆ, ರೆಕ್ಕೆ ಬಂದ ಮೇಲೆ ಹೊರಗೆ ಬರುತ್ತದೆ. ನೀರು ಕೆಟ್ಟರೆ ಮೊದಲು ಸಾಯುವ ಜೀವಗಳಲ್ಲಿ ಅದೂ ಒಂದು. ಸಂಜೆಯೊಳಗೆ ಜೀವಂತ ನೊಣ ಒಂದು ಸಿಕ್ಕರೂ ಹೊಳೆ ಬದುಕಿದೆ ಎಂದು ವರದಿ. ಸಿಗದಿದ್ದರೆ ಸತ್ತಿದೆ ಎಂದು ವರದಿ. ಸತ್ತ ಹೊಳೆಗೆ ಬಣ್ಣದ ಕಾರ್ಖಾನೆಯವರು ತಮ್ಮ ಕೊಳಚೆ ಬಿಡಬಹುದು. ಕಾರ್ಖಾನೆಯ ಕೊಳವೆ ಆಗಲೇ ಆಚೆ ದಡದವರೆಗೆ ಬಂದು ಬಾಯಿ ತೆರೆದುಕೊಂಡು ಕಾಯುತ್ತಿತ್ತು.

ನೊಣರಾಯನ ಹೊಟ್ಟೆಪಾಡೇ ಗಾಳ ಹಾಕುವವರಿಗೆ ಆ ನೊಣದ ನಕಲು ಕಟ್ಟಿಕೊಡುವುದು. ಗಾಳದ ಕೊಕ್ಕೆಗೆ ಮೊಲದ ಕೂದಲು ಸುತ್ತಿ ಮೈ ಮಾಡಿ, ಕೋಳಿಯ ಪುಕ್ಕವನ್ನು ಮನೆಯ ಮಾಡಿನಂತೆ ಇಳಿಜಾರಾಗಿ ಮಡಿಸಿ ರೆಕ್ಕೆ ಕೂರಿಸಿದನೆಂದರೆ, ದೇವರೇ ಬಂದರೂ ಇದು ತನ್ನ ಕೆಲಸವೋ ಇವನ ಕೆಲಸವೋ ಎಂದು ತಲೆ ಕೆರೆದುಕೊಳ್ಳಬೇಕು. ಆ ನೊಣ ನೀರಿಗೆ ಬಿದ್ದರೆ ಮೀನುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ನೂಕುನುಗ್ಗಲಿನಲ್ಲಿ ಕೆಲವು ದಡಕ್ಕೇ ಹಾರಿ ಬೀಳುತ್ತಿದ್ದವು. ಇದು ಮೀನುಗಳಿದ್ದ ಕಾಲದ ಮಾತು. ಈಚೆಗೆ ಅವನು ಕಟ್ಟಿದ್ದೆಲ್ಲ ಡಬ್ಬಿಯಲ್ಲೇ ಧೂಳು ತಿನ್ನುತ್ತಿತ್ತು.

"ಎಲ್ಲಿ ಭಾವ, ಎಲ್ಲಿ?"

"ಕೂಗಬೇಡ್ವೋ, ಹೆದರಿಕೊಳ್ಳುತ್ತೆ," ಎಂದು ಈಗಷ್ಟೇ ಸೇತುವೆ ಅಲುಗಾಡಿಸಿದವನು ಪಿಸುಗುಟ್ಟಿದ. ಒದ್ದೆ ಕಲ್ಲಿನ ನೆರಳಿನ ಮಗ್ಗುಲಲ್ಲಿ ಕಂದು ಬಣ್ಣದ ನೊಣವೊಂದು ಹೊಟ್ಟೆಯನ್ನು ಕಲ್ಲಿಗೆ ಒತ್ತಿಕೊಂಡು ಕುಳಿತಿತ್ತು. ಗಾಳಿ ಬೀಸಿದಾಗ ರೆಕ್ಕೆ ಅದುರಿತು. "ನೋಡು, ರೆಕ್ಕೆ ತುದಿ ಹರಿದಿದೆ. ಹಾರಿ ಹಾರಿ ಸುಸ್ತಾಗಿದೆ ಪಾಪ."

"ನಾನು ಹಿಡೀತೀನಿ ಬಿಡಿ. ನಿಮ್ಮ ಕೈ ನಡುಗ್ತಾ ಇದೆ."

"ನಿಮ್ಮಕ್ಕನ್ನ ಹಿಡಿದ ಕೈ ಕಣೋ ಇದು, ಇನ್ನೂ ಬಿಟ್ಟಿಲ್ಲ. ಸುಮ್ನಿರು ನೀನು."

ಹಸುಗೂಸನ್ನು ಎತ್ತಿಕೊಳ್ಳುವವನಂತೆ ನೊಣರಾಯ ಬಗ್ಗಿ, ನೊಣವನ್ನು ಅಂಗೈಗೆ ಜಾರಿಸಿಕೊಂಡು ಮುಷ್ಟಿ ಮುಚ್ಚಿದ. ಅಲ್ಲಿಂದ ಅವನು ಓಡಿದ ಓಟಕ್ಕೆ ಹೊಳೆ ಎರಡು ಹೋಳಾಗಿ ದಾರಿ ಬಿಟ್ಟಿತು. ಮಂಡಿನೋವು, ಸೊಂಟನೋವು, ಉಬ್ಬಸ ಎಲ್ಲ ನೀರಿನಲ್ಲೇ ಉಳಿದುಹೋದವು. ದಡದ ಹತ್ತಿರ ಕಾಲು ಜಾರಿ ಕೆಸರಿಗೆ ಬಿದ್ದರೂ ಮುಷ್ಟಿ ಮಾತ್ರ ಆಕಾಶದಲ್ಲೇ ಇತ್ತು. ಬಿದ್ದ ರಭಸಕ್ಕೆ ಅದು ಇನ್ನಷ್ಟು ಬಿಗಿಯಾಯಿತು.

"ಸೀಸೆ ತೆಗಿ, ಬೇಗ! ಜೀವ ಇದೆ ಕಣೋ, ಒಳಗೆ ಒದ್ದಾಡ್ತಿದೆ! ಹಾ... ಕಚ್ತು ನೋಡು! ಎಂಥ ಕಚ್ಚು ಅಂತೀಯ, ಹುಲಿ ಕಚ್ಚಿದ ಹಾಗೆ!"

ಸೀಸೆಯ ಮುಚ್ಚಳ ತಿರುಗಿಸುತ್ತಿದ್ದ ಭಾವಮೈದುನನ ಕೈ ನಿಂತಿತು.

"ಭಾವ," ಎಂದ ಮೆಲ್ಲಗೆ, "ಈ ನೊಣ ಕಚ್ಚಲ್ಲ. ಅದಕ್ಕೆ ಕಚ್ಚೋ ಬಾಯೇ ಇಲ್ಲ. ನಂಗೆ ಹೇಳಿಕೊಟ್ಟಿದ್ದೇ ನೀವು."

ನೊಣರಾಯನ ಮುಖದ ಮೇಲಿದ್ದ ನಗು ಹೋಗಲೂ ಆಗದೆ ಇರಲೂ ಆಗದೆ ಅಲ್ಲೇ ನಿಂತಿತು. ಮುಷ್ಟಿಯನ್ನು ಅವನು ಬಿಡಿಸಲಿಲ್ಲ. ಬಿಡಿಸುವವರೆಗೆ ಒಳಗಿರುವುದು ನೊಣವೇ. ಇಬ್ಬರೂ ಹಾಗೇ ನಿಂತರು. ಅಷ್ಟು ಹೊತ್ತಿನಲ್ಲಿ ಬೆಟ್ಟವೊಂದು ಸವೆದು ಮರಳಾಗಬಹುದಿತ್ತು. ಕೊನೆಗೆ ಭಾವಮೈದುನನೇ ಒಂದೊಂದಾಗಿ ಬೆರಳು ಬಿಡಿಸಿದ. ಮೊಲದ ಕೂದಲಿನ ಮೈಯಡಿಯಿಂದ ಹೊರಟ ಕೊಕ್ಕೆ ಅಂಗೈಯ ಮಾಂಸದೊಳಗೆ ಹೂತುಹೋಗಿತ್ತು. ಎಂದೋ ಯಾರದೋ ಗಾಳದ ದಾರ ಕಿತ್ತು ಹೊಳೆಯ ಪಾಲಾಗಿದ್ದ ನಕಲು ಅದು.

"ನೀವು ಕಟ್ಟಿದ್ದೇನಾ?"

"ನಿಜದ್ದು ಅನ್ನಿಸ್ಲಿ ಅಂತ ರೆಕ್ಕೆ ತುದಿ ಹರಿದು ಕಟ್ಟೋನು ಇನ್ಯಾರಿದ್ದಾನೆ?" ಎಂದ ನೊಣರಾಯ. ಹುಟ್ಟಿದಂದಿನಿಂದ ಮೊದಲ ಸಲ ಆ ಮಾತಿನಲ್ಲಿ ಜಂಬವಿರಲಿಲ್ಲ.

ಕೊಳವೆಯ ಹಿಂದೆ ಸೂರ್ಯ ಇಳಿಯುತ್ತಿದ್ದ. ಭಾವಮೈದುನ ಸುತ್ತ ನೋಡಿ ದನಿ ತಗ್ಗಿಸಿದ. "ಕೊಕ್ಕೆ ಕತ್ತರಿಸಿ ಸೀಸೆಗೆ ಹಾಕಿಬಿಡ್ಲಾ? ಸಿಕ್ಕಾಗ ಬದುಕಿತ್ತು, ದಾರೀಲಿ ಸತ್ತುಹೋಯ್ತು ಅಂತೀನಿ. ನಿಮ್ಮ ಕೈಕೆಲಸ, ಆಫೀಸಲ್ಲಿ ಯಾರಪ್ಪನಿಗೂ ಗೊತ್ತಾಗಲ್ಲ."

"ನಾಳೆ ಮೀನು ತೋರಿಸಿ ಅಂತಾರೆ. ಅದನ್ನೂ ಕಟ್ಟಿ ಕೊಡ್ಲಾ?"

"ಭಾವ..."

"ಬರ್ಕೊಳ್ಳೋ. ಸಿಗ್ಲಿಲ್ಲ ಅಂತ ಬರ್ಕೋ."

ಭಾವಮೈದುನ ಬರೆದುಕೊಳ್ಳಲಿಲ್ಲ. ಪೆಟ್ಟಿಗೆಯಿಂದ ಇಕ್ಕಳ ತೆಗೆದು, ಕೆಸರು ಮೆತ್ತಿದ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. "ಹಲ್ಲು ಕಚ್ಚಿಕೊಳ್ಳಿ. ತೆಗೆದುಬಿಡ್ತೀನಿ."

ನೊಣರಾಯ ಕೈ ಎಳೆದುಕೊಂಡ. ಒಂದು ಗುಳ್ಳೆಯೂ ಏಳದ ನೀರನ್ನೇ ನೋಡುತ್ತ, "ಇರ್ಲಿ ಬಿಡೋ," ಎಂದ. "ಈ ಹೊಳೇಲಿ ಕೊಕ್ಕೆಗೆ ಸಿಗೋ ಜೀವ ಅಂತ ಉಳಿದಿರೋದು ನಾನೊಬ್ನೇ."